ಆನ್ಸೆಲ್ಮ್ ಮಾವನ ಕೆಮ್ಮು

ನಮ್ಮ ಆನ್ಸೆಲ್ಮ್ ಮಾವ ಇಡೀ ಜನ್ಮದಲ್ಲಿ ಸುಳ್ಳು ಹೇಳಿದವನಲ್ಲ. ನಿಜ ಹೇಳಬೇಕಾದ ಹೊತ್ತಿಗೆ ಸರಿಯಾಗಿ ಅವನಿಗೆ ಕೆಮ್ಮು ಬರುತ್ತದೆ, ಅಷ್ಟೇ. ಊರಿನ ಡಾಕ್ಟರು ಎದೆಗೆ ಕಿವಿಯಿಟ್ಟು, ಬೆನ್ನು ತಟ್ಟಿ, "ನಿನ್ನ ಶ್ವಾಸಕೋಶ ಕುದುರೆಗೆ ಇರಬೇಕಾಗಿದ್ದು, ತಪ್ಪಿ ನಿನಗೆ ಬಂದಿದೆ" ಎಂದು ಎರಡು ಸಲ ವಾಪಸು ಕಳಿಸಿದ್ದರು. ಆದರೂ ಪಾದ್ರಿಗಳು "ಪ್ರವಚನ ಹೇಗಿತ್ತು ಆನ್ಸೆಲ್ಮ್?" ಎಂದರೆ ಸಾಕು, ಮಾವ ಕರವಸ್ತ್ರ ಹುಡುಕುತ್ತಿದ್ದ.

ಈ ಕೆಮ್ಮಿನಿಂದ ಆದ ಅನಾಹುತಗಳಲ್ಲಿ ಕೋಟೆಯದ್ದೇ ದೊಡ್ಡದು.

ನಾವಿರುವುದು ಗಾರೋನ್ ನದಿಯ ಆಚೆಯ ದಿಣ್ಣೆಗಳಲ್ಲಿ. ಎತ್ತ ನೋಡಿದರೂ ದ್ರಾಕ್ಷಿ ಸಾಲು. ಇಲ್ಲಿ ವೈನ್ ಮಾಡುವವನ ಮನೆ ಕೋಳಿಗೂಡಿನಷ್ಟೇ ಇರಲಿ, ಅವನ ಬಾಟಲಿಯ ಮೇಲೆ ಒಂದು ಕೋಟೆಯ ಚಿತ್ರ ಇರಲೇಬೇಕು. ಕೋಟೆಯಿಲ್ಲದ ಬಾಟಲಿಯನ್ನು ಜನ ಷರಾಯಿ ಹಾಕಿಕೊಳ್ಳದೆ ಚರ್ಚಿಗೆ ಬಂದವನನ್ನು ನೋಡಿದ ಹಾಗೆ ನೋಡುತ್ತಾರೆ. ಊರಿನವರಿಗೆಲ್ಲ ಈ ವಿಷಯ ಗೊತ್ತು. ಆದ್ದರಿಂದ ಯಾರೂ ಯಾರನ್ನೂ ನಿನ್ನ ಕೋಟೆ ಎಲ್ಲಿದೆ ಎಂದು ಕೇಳುವುದಿಲ್ಲ.

ನಮ್ಮ ತಾತನ ಕಾಲದಲ್ಲಿ ಲೇಬಲ್ ಬರೆಯುವವನು ಮನೆಗೆ ಬಂದಿದ್ದನಂತೆ. ತಾತ ಅವನನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ, ಎದುರು ದಿಣ್ಣೆಯ ಮೇಲಿರುವ ಮೊಂಬ್ರಿಯಾಕ್ ಕೋಟೆಯನ್ನು ತೋರಿಸಿ, "ನಮ್ಮನೆ ಬಾಗಿಲಿಂದ ಏನು ಕಾಣುತ್ತೋ ಅದನ್ನ ಬರಿ" ಎಂದನಂತೆ. ಕಾಣುವುದು ನಿಜ ತಾನೇ, ಅದರಲ್ಲಿ ಮೋಸ ಎಲ್ಲಿ ಬಂತು ಎನ್ನುವುದು ತಾತನ ವಾದ. ಕೋಟೆಗೆ ಇರುವುದು ಎರಡು ಬುರುಜು. ಕಾಗದ ಇನ್ನೂ ಉಳಿಯಿತೆಂದು ಬರೆಯುವವನು ಮೂರನೆಯದನ್ನೂ ಸೇರಿಸಿ ಹೋದ. ಆ ಮೂರು ಬುರುಜಿನ ಕೋಟೆ ನಮ್ಮ ಬಾಟಲಿಯ ಮೇಲೆ ಇವತ್ತಿಗೂ ಇದೆ. ಬಾಟಲಿಯ ಒಳಗಿನದು ತಯಾರಾಗುವುದು ಅಡುಗೆಮನೆ, ಎರಡು ಕೋಣೆ, ಅವುಗಳಿಗೆ ಅಂಟಿಕೊಂಡ ಒಂದು ಪೀಪಾಯಿ ಕೊಟ್ಟಿಗೆ ಇರುವ ನಮ್ಮ ತಗ್ಗಿನ ಮನೆಯಲ್ಲಿ. ಶಾಲೆ ಬಿಟ್ಟಾಗಿನಿಂದ ನಾನೂ ಅಲ್ಲೇ ಇದ್ದೇನೆ. ಅತ್ತೆ ತೀರಿಕೊಂಡ ಮೇಲೆ ಮನೆಯಲ್ಲಿ ನಾನು, ಮಾವ, ಮತ್ತೆ ಒಂದು ರೇಡಿಯೋ. ಮಾತು ಹೆಚ್ಚಾಗಿ ರೇಡಿಯೋದ್ದೇ.

ಆ ವರ್ಷ ವಸಂತದಲ್ಲಿ ಲಿಮೋಜ್ ಪಟ್ಟಣದಲ್ಲಿ ವೈನು ಮತ್ತು ಚೀಸಿನ ಮೇಳ ನಡೆಯಿತು. ಮಾವ ಬಾಟಲಿ ಜೋಡಿಸಿದ, ನಾನು ಹಿಂದೆ ನಿಂತು ಲೋಟ ತೊಳೆದೆ. ಎದುರಿನ ಮಳಿಗೆಯಲ್ಲಿ ಒರಿಯಾಕ್ ಕಡೆಯ ಗುಡ್ಡಗಾಡಿನ ಸೋಲಾಂಜ್ ವಿಡಾಲ್ ಎಂಬ ಹೆಂಗಸು ಚೀಸ್ ಮಾರುತ್ತಿದ್ದರು. ಗಟ್ಟಿ ತೋಳು, ಗಟ್ಟಿ ಧ್ವನಿ, ಮೊಣಕಾಲಲ್ಲಿ ಸ್ವಲ್ಪ ನೋವು. ಅವರ ಚೀಸಿನ ಡಬ್ಬಿಯ ಮೇಲೆ ಹಿಮದ ಬೆಟ್ಟ, ಕೊರಳಿಗೆ ಗಂಟೆ ಕಟ್ಟಿದ ಕೆಂಚು ಹಸು, ಅದರ ಪಕ್ಕದಲ್ಲಿ ಎರಡು ಜಡೆಯ ಹುಡುಗಿ.

ಮಧ್ಯಾಹ್ನ ಅವರು ಒಂದು ತುಂಡು ಚೀಸು ತಂದು ಮಾವನಿಗೆ ಕೊಟ್ಟರು. ಮಾವ ಒಂದು ಲೋಟ ವೈನು ಕೊಟ್ಟ. ಅವರು ಬಾಟಲಿ ಎತ್ತಿ ಕಣ್ಣ ಹತ್ತಿರ ಹಿಡಿದರು.

"ಅಯ್ಯೋ ದೇವರೇ, ಇಷ್ಟು ದೊಡ್ಡ ಮನೇಲಿ ನೀವೊಬ್ರೇ ಇರ್ತೀರಾ?"

ಇದಕ್ಕೆ ಉತ್ತರ ಬಹಳ ಸುಲಭ ಇತ್ತು. ಮಾವ ಬಾಯಿ ತೆರೆದ. ಕೆಮ್ಮು ಬಂತು. ಎಂಥ ಕೆಮ್ಮು ಎಂದರೆ ಪಕ್ಕದ ಮಳಿಗೆಯವರು ನೀರು ತಂದರು. ಕೆಮ್ಮು ನಿಂತಾಗ ಸೋಲಾಂಜ್ ಅವರ ಮುಖ ಮರುಕದಿಂದ ಎಷ್ಟು ಮೆತ್ತಗಾಗಿತ್ತೆಂದರೆ, ಆಮೇಲೆ ನಿಜ ಹೇಳುವುದು ಮಾವನಿಗೆ ಒರಟುತನದಂತೆ ಕಂಡಿರಬೇಕು. ಮಾತು ಬದಲಿಸಲು ಚೀಸಿನ ಡಬ್ಬಿ ನೋಡಿ, "ನಿಮ್ಮ ಹಸು ತುಂಬಾ ಲಕ್ಷಣವಾಗಿದೆ" ಎಂದ.

"ಹೂಂ... ಮೇಯುತ್ತೆ" ಎಂದು ಅವರು ಬೇಗ ಬೇಗ ತಮ್ಮ ಮಳಿಗೆಗೆ ಹೋದರು.

ಅಲ್ಲಿಂದ ಭಾನುವಾರ ಭಾನುವಾರ ಫೋನು ಶುರುವಾಯಿತು. ಫೋನು ಇರುವುದು ಪಡಸಾಲೆಯಲ್ಲಿ, ಒಂದು ಸ್ಟೂಲಿನ ಪಕ್ಕ. ಮಾವ ಕೋಟು ಹಾಕಿಕೊಂಡು, ಕೂದಲು ಬಾಚಿಕೊಂಡು, ಬಾಚಣಿಗೆಯನ್ನು ಫೋನಿನ ಪಕ್ಕದಲ್ಲೇ ಇಟ್ಟು ಕೂರುತ್ತಿದ್ದ. ಆ ಕಡೆಯ ಮಾತನ್ನು ಕೇಳಲು ನಾನು ಕಿವಿ ಕೊಡಬೇಕಾಗಿರಲಿಲ್ಲ. ಸೋಲಾಂಜ್ ಅವರದು ಒಂದು ಬೆಟ್ಟದಿಂದ ಇನ್ನೊಂದಕ್ಕೆ ಕೂಗುವ ಗಂಟಲು.

"ಕೋಟೇಲಿ ತುಂಬಾ ಥಂಡಿ ಅಲ್ವಾ?"

ಮಾವ ಕೆಮ್ಮಿದ.

"ಆ ಕೆಮ್ಮು ಇನ್ನೂ ಹೋಗಿಲ್ವಾ?" ಎಂದು ಅವರು ಸುಮ್ಮನಾದರು. ಅವರೂ ಗಂಡನನ್ನು ಕಳೆದುಕೊಂಡವರು. ಕೆಮ್ಮಿನ ಮಾತು ಬಂದಾಗಲೆಲ್ಲ ಆ ಕಡೆ ಹೀಗೊಂದು ಮೌನ ಬರುತ್ತಿತ್ತು. ನಾನು ಅದನ್ನು ಗಮನಿಸಿದ್ದೆ. ಮಾವನಿಗೆ ಕೇಳಿಸುತ್ತಿರಲಿಲ್ಲ, ಅವನು ಕೆಮ್ಮುತ್ತಿದ್ದ.

"ಹಸುಗಳು ಹೇಗಿವೆ?"

"ಹಸುಗಳಾ? ಮೇಯ್ತಾ ಇವೆ. ಅಲ್ಲಿ ಮಳೆ ಬಂತಾ?"

ಮಾವನಿಗೆ ಹಸು ಕಂಡರೆ ಪ್ರಾಣಭಯ. ಚಿಕ್ಕವನಿದ್ದಾಗ ಒಂದು ಹಸು ಅವನ ಕಾಲ ಮೇಲೆ ಕಾಲಿಟ್ಟು, ತೆಗೆಯುವುದನ್ನು ಮರೆತು ನಿಂತಿತ್ತಂತೆ. ಹೀಗಿದ್ದರೂ ಬೇಸಿಗೆಯಲ್ಲಿ ಅವನು ಮನೆಯ ಕೆಳಗಿನ ಹುಲ್ಲುಗಾವಲಿಗೆ ಬೇಲಿ ಹಾಕಿದ. ನೀರಿನ ತೊಟ್ಟಿ ಇಟ್ಟ. ಆಮೇಲೊಂದು ದಿನ ಪೀಪಾಯಿ ಕೊಟ್ಟಿಗೆಗೆ ಹೋದರೆ, ಮಾವ ಒಂದು ರಬ್ಬರ್ ಕೈಗವಸಿಗೆ ನೀರು ತುಂಬಿ ಪೀಪಾಯಿಯ ನಲ್ಲಿಗೆ ಕಟ್ಟಿ, ಬೆರಳ ತುದಿಗಳಿಗೆ ತೂತು ಮಾಡಿ, ಕಣ್ಣು ಮುಚ್ಚಿಕೊಂಡು ಹಾಲು ಕರೆಯುವುದನ್ನು ಅಭ್ಯಾಸ ಮಾಡುತ್ತಿದ್ದ. ಪಕ್ಕದ ಮನೆಯ ಬಪ್ತಿಸ್ತ್, ಪೀಪಾಯಿ ಕಟ್ಟುವವನು, ಬಾಗಿಲಲ್ಲಿ ನಿಂತು ನೋಡುತ್ತಿದ್ದ.

"ಹೆಬ್ಬೆಟ್ಟಿಂದ ಜಾಸ್ತಿ ಬರ್ತಿದೆ ಕಣೋ" ಎಂದ ಬಪ್ತಿಸ್ತ್.

ಮಾವನ ಮನಸ್ಸಿನಲ್ಲಿ ಏನಿದೆ ಎಂದು ಊರಿಗೆ ತಿಳಿಯಲು ಅಷ್ಟು ಸಾಕಾಯಿತು.

ಸೆಪ್ಟೆಂಬರಿನಲ್ಲಿ ಕುಯಿಲು ಶುರುವಾಗಿ, ಎಲ್ಲರ ಕೈ ಮೊಣಕೈವರೆಗೆ ನೇರಳೆಯಾಗಿದ್ದಾಗ ಫೋನು ಬಂತು. "ಬರೋ ಭಾನುವಾರ ನಾನೇ ಬರ್ತೀನಿ. ನಿಮ್ಮನ್ನ ನೋಡ್ಕೊಂಡು, ಒಂದು ನಿರ್ಧಾರ ಮಾಡ್ಕೊಂಡು ಹೋಗ್ಬೇಕು ಅಂತಿದೀನಿ" ಎಂದರು ಸೋಲಾಂಜ್.

ಮಾವ ಫೋನು ಕೆಳಗಿಟ್ಟವನೇ ಕೋಟಿನಲ್ಲೇ ಜಿಲ್ಬರ್ತ್ ಅವರ ಬೇಕರಿಗೆ ಓಡಿದ. ನಾನು ಬುಟ್ಟಿ ಹಿಡಿದು ಹಿಂದೆ ಓಡಿದೆ. ಬಪ್ತಿಸ್ತ್ ಅಲ್ಲೇ ಬ್ರೆಡ್ಡಿನ ತುದಿ ಮುರಿದು ತಿನ್ನುತ್ತಿದ್ದ.

"ನಿಜ ಹೇಳ್ಬಿಡು" ಎಂದರು ಜಿಲ್ಬರ್ತ್, ಹಿಟ್ಟಿನ ಕೈ ಸೊಂಟಕ್ಕಿಟ್ಟು. "ನನ್ನ ಹತ್ರ ಕೋಟೆ ಇಲ್ಲ, ಒಂದು ಮನೆ ಇದೆ, ಅದಕ್ಕೆ ಬಾಗಿಲೂ ಇದೆ ಅಂತ."

"ಹೇಳ್ತೀನಿ" ಎಂದ ಮಾವ.

"ನನ್ನನ್ನೇ ಅವರು ಅಂದ್ಕೊಂಡು ಹೇಳು ನೋಡೋಣ."

ಮಾವ ಎದೆಯುಬ್ಬಿಸಿ, "ಸೋಲಾಂಜ್, ಆ ಕೋಟೆ..." ಎಂದ. ಬೇಕರಿಯ ಗಾಜು ನಡುಗುವಂತೆ ಕೆಮ್ಮಿದ.

"ಆಯ್ತು ಬಿಡು, ಇದು ಈ ಜನ್ಮಕ್ಕೆ ಆಗಲ್ಲ" ಎಂದ ಬಪ್ತಿಸ್ತ್. "ಒಂದು ದಿನದ ಮಟ್ಟಿಗೆ ಅಮ್ಮಾವ್ರ ಹತ್ರ ಕೋಟೆ ಕೇಳು. ಏಣಿ ಕೇಳಿದ್ರೆ ಕೊಡ್ತಾರೆ, ಕೋಟೆ ಕೊಡಲ್ವಾ?"

ಮೊಂಬ್ರಿಯಾಕ್ ಕೋಟೆಯ ಒಡತಿಯನ್ನು ಊರೆಲ್ಲ ಅಮ್ಮಾವ್ರು ಎನ್ನುತ್ತದೆ. ಎಂಬತ್ತು ದಾಟಿದ ಹೆಂಗಸು, ಒಬ್ಬರೇ. ನಾವು ಹೋದಾಗ ರಬ್ಬರ್ ಬೂಟು ತೊಟ್ಟು, ಸೋರುವ ಚಾವಣಿಯ ಕೆಳಗೆ ಬೋಗುಣಿಗಳನ್ನು ಸರಿಸುತ್ತಿದ್ದರು. ಮಾವ ಟೋಪಿ ತೆಗೆದು ನೆಲ ನೋಡಿಕೊಂಡು ಎಲ್ಲ ಹೇಳಿದ. ಅವರ ಮುಂದೆ ಅವನಿಗೆ ಕೆಮ್ಮು ಬರುವುದಿಲ್ಲ. ಚಿಕ್ಕವನಿದ್ದಾಗ ಅವರ ಮರಸೇಬು ಕದ್ದು ಸಿಕ್ಕಿಬಿದ್ದಿದ್ದಾನೆ, ಮುಚ್ಚಿಡುವುದಕ್ಕೆ ಏನೂ ಉಳಿದಿಲ್ಲ.

ಅಮ್ಮಾವ್ರು ಯೋಚಿಸಿದರು. ಅವರ ಕಣ್ಣಲ್ಲಿ ಒಂದು ಮಿಂಚು ಬಂದಿದ್ದು ನನಗೆ ಕಂಡಿತು.

"ಕೊಡ್ತೀನಿ. ಆದ್ರೆ ಅಡುಗೆಯವಳು ನಾನೇ ಆಗಿರ್ತೀನಿ."

"ಅಮ್ಮಾವ್ರೇ! ತಾವು..."

"ಹುಟ್ಟಿದಾಗಿಂದ ಜನ ಬಗ್ಗಿ ಬಗ್ಗಿ ಮಾತಾಡಿಸ್ತಾರೆ ಕಣೋ. ನಮ್ಮ ಹಳೇ ಅಡುಗೆಯವಳು ಮೆಲಾನಿ ಒಬ್ಬಳೇ, ಸೌಟು ತೋರಿಸಿ ನನ್ನನ್ನ ಅಡುಗೆಮನೆಯಿಂದ ಓಡಿಸ್ತಿದ್ದಳು. ಎಷ್ಟು ಗತ್ತು ಅವಳದು! ಒಂದು ದಿನವಾದ್ರೂ ಹಾಗಿರಬೇಕು ನಾನು. ಒಂದೇ ಷರತ್ತು, ನೀನು ನನ್ನನ್ನ ಏಕವಚನದಲ್ಲೇ ಮಾತಾಡಿಸ್ಬೇಕು. ಎಲ್ಲಿ, ಅನ್ನು: 'ಏ ಮೆಲಾನಿ, ಸಾರು ತಾ.'"

ಮಾವ ಬೆವರಿದ. "ಏ... ಮೆಲಾನಿ ಅವರೇ, ಸಾರು ತರೋಣಾಗುತ್ತಾ?"

"ಹಾಳಾಗ್ಹೋಗು" ಎಂದರು ಅಮ್ಮಾವ್ರು, ಆಗಲೇ ಪಾತ್ರದಲ್ಲಿ ಇಳಿದು.

ಭಾನುವಾರ ಬಪ್ತಿಸ್ತ್ ತನ್ನ ವ್ಯಾನಿನಲ್ಲಿ ಸೋಲಾಂಜ್ ಅವರನ್ನು ರೈಲಿನಿಂದ ಕರೆತಂದ. ಅವರ ಒಂದು ಕೈಯಲ್ಲಿ ಬೀಸುಕಲ್ಲಿನಷ್ಟು ದೊಡ್ಡ ಚೀಸು, ಇನ್ನೊಂದರಲ್ಲಿ ಬಟ್ಟೆಯ ಚೀಲ. ಮಾವ ಕೋಟೆಯ ಬಾಗಿಲಲ್ಲಿ ಅಮ್ಮಾವ್ರ ಸತ್ತ ಗಂಡನ ಮಖಮಲ್ ಕೋಟು ಹಾಕಿಕೊಂಡು ನಿಂತಿದ್ದ. ಆ ಮಹಾನುಭಾವರು ಮಾವನಿಗಿಂತ ಗೇಣುದ್ದ ಎತ್ತರ ಇದ್ದಿರಬೇಕು. ಕುಶಲ ಕೇಳುವಾಗ ತೋಳಿನೊಳಗಿಂದ ನೇರಳೆ ಬೆರಳುಗಳ ತುದಿ ಮಾತ್ರ ಹೊರಬಂತು.

ಊಟದ ಮೇಜು ನಮ್ಮ ಮನೆಗಿಂತ ಉದ್ದ. ಮಾವ ಒಂದು ತುದಿ, ಸೋಲಾಂಜ್ ಇನ್ನೊಂದು ತುದಿ. ನಾನು ಮಧ್ಯದಲ್ಲಿ ಉಪ್ಪು ಹಿಡಿದು ನಡೆದಾಡುತ್ತಿದ್ದೆ.

ಅಮ್ಮಾವ್ರು ಬಾತುಕೋಳಿಯ ತಟ್ಟೆ ಹೊತ್ತು ಬಂದರು. ಮಾವ ತಟ್ಟನೆ ಎದ್ದು ನಿಂತ. ಅವರು ಹೋದರು, ಕೂತ. ಬ್ರೆಡ್ಡು ತಂದರು, ಎದ್ದ. ಅವರು ಬೇಕೆಂದೇ ಬರಿಗೈಯಲ್ಲಿ ಒಂದು ಸಲ ಬಂದು ಹೋದರು. ಆಗಲೂ ಎದ್ದ.

"ಅಡುಗೆಯವರು ಬಂದ್ರೆ ಎದ್ದು ನಿಲ್ತೀರಲ್ಲ!" ಎಂದರು ಸೋಲಾಂಜ್.

ಮಾವ ಕೆಮ್ಮಿದ.

"ಎಷ್ಟು ದೊಡ್ಡ ಗುಣ" ಎಂದು ಅವರು ಕಣ್ಣೊರೆಸಿಕೊಂಡರು. ಆಮೇಲೆ ಬಾತುಕೋಳಿ ಬಾಯಿಗಿಟ್ಟು ಮತ್ತೆ ಕಣ್ಣೊರೆಸಿಕೊಂಡರು. ಅಮ್ಮಾವ್ರು ಅದನ್ನು ಒಂದು ಕಡೆ ಇದ್ದಲಾಗುವವರೆಗೆ, ಇನ್ನೊಂದು ಕಡೆ ಬೆಂಕಿಯನ್ನೇ ಕಾಣದ ಹಾಗೆ ಬೇಯಿಸಿದ್ದರು.

"ಹೆಂಗಿದೆಯಮ್ಮಾ?" ಎಂದರು ಸೊಂಟಕ್ಕೆ ಕೈಯಿಟ್ಟು.

"ಸ್ವಲ್ಪ ಗಟ್ಟಿ..."

"ಗಟ್ಟಿ? ಈ ಮನೇಲಿ ನನ್ನ ಅಡುಗೆಗೆ ಹೆಸರಿಟ್ಟೋರು ಇವತ್ತಿನವರೆಗೂ ಯಾರೂ ಇಲ್ಲ!" ಇದು ಸತ್ಯವಾದ ಮಾತು. ಅವರು ಬೇರೆಯವರಿಗೆ ಅಡುಗೆ ಮಾಡಿದ್ದು ಅವತ್ತೇ ಮೊದಲು. "ಯಜಮಾನ್ರೇ, ನನಗೆ ಬೈಯ್ರಿ ಇಲ್ಲ ಅವರಿಗೆ ಬೈಯ್ರಿ, ಯಾರಿಗಾದ್ರೂ ಬೈಯ್ರಿ!"

ಮಾವ ಎದ್ದು ನಿಂತು ಯಾರಿಗೂ ಬೈಯದೆ ಕೂತ.

ಸೋಲಾಂಜ್ ಬಾಟಲಿ ತೆಗೆದುಕೊಂಡು ಕಿಟಕಿಗೆ ಹೋದರು. ಲೇಬಲ್ ನೋಡಿದರು, ತಲೆ ಹೊರಹಾಕಿ ಮೇಲೆ ನೋಡಿದರು. "ಚಿತ್ರದಲ್ಲಿ ಮೂರು ಬುರುಜಿದೆ. ಇನ್ನೊಂದೆಲ್ಲಿ?"

ಕೆಮ್ಮು.

"ಕ್ರಾಂತೀಲಿ ಕಳೆದುಹೋಯ್ತು" ಎಂದರು ಅಮ್ಮಾವ್ರು.

"ಬುರುಜು ಕಳೆದುಹೋಗುತ್ತಾ?"

"ಆ ಗಲಾಟೇಲಿ ಯಾರು ಏನು ಎತ್ಕೊಂಡು ಹೋದ್ರು ಅಂತ ನೋಡ್ತಾ ಕೂತೋರು ಯಾರಮ್ಮಾ?"

ಆದರೆ ಸೋಲಾಂಜ್ ಬುರುಜನ್ನು ಆಗಲೇ ಮರೆತಿದ್ದರು. ಮಾವನನ್ನೇ ನೋಡುತ್ತಿದ್ದರು. "ಇದು ಹೋದ ಸಲಕ್ಕಿಂತ ಜೋರಾಗಿದೆ" ಎಂದು ಮೆಲ್ಲಗೆ ಹೇಳಿದರು. ಗಟ್ಟಿ ಗಂಟಲಿನವರು ಮೆಲ್ಲಗೆ ಮಾತಾಡಿದರೆ ಕೇಳಲು ಕಷ್ಟವಾಗುತ್ತದೆ.

ಆಗ ಅಂಗಳಕ್ಕೆ ಒಂದು ಬಸ್ಸು ಬಂತು.

ವರ್ಷಕ್ಕೊಮ್ಮೆ, ಸೆಪ್ಟೆಂಬರಿನ ಒಂದು ಭಾನುವಾರ, ದೇಶದ ಹಳೆಯ ಕೋಟೆಗಳೆಲ್ಲ ಜನರಿಗೆ ಬಾಗಿಲು ತೆರೆಯುತ್ತವೆ. ಸರಕಾರದವರು ಎರಡು ಬುರುಜಿನಲ್ಲಿ ಒಂದರ ಚಾವಣಿ ರಿಪೇರಿ ಮಾಡಿಸಿಕೊಟ್ಟಿದ್ದಕ್ಕೆ ಪ್ರತಿಯಾಗಿ, ತಾವೂ ತೆರೆಯುವುದಾಗಿ ಅಮ್ಮಾವ್ರು ಒಪ್ಪಿಕೊಂಡಿದ್ದರು. ಬಾತುಕೋಳಿಯ ಸಂಭ್ರಮದಲ್ಲಿ ಅದು ಅವರಿಗೆ ಮರೆತೇ ಹೋಗಿತ್ತು. ಮೂರು ಬಣ್ಣದ ಪಟ್ಟಿಯನ್ನು ಎದೆಗೆ ಅಡ್ಡ ಹಾಕಿಕೊಂಡ ಮೇಯರ್ ಕಸ್ತೆಂಗ್ ಮುಂದೆ, ಅವರ ಹಿಂದೆ ಬಸ್ಸಿನ ತುಂಬ ಪ್ರವಾಸಿಗರು, ಅವರ ಹಿಂದೆ ಪ್ರವಾಸಿಗರಂತೆ ಟೋಪಿ ಹಾಕಿಕೊಂಡ ಬಪ್ತಿಸ್ತ್ ಮತ್ತು ಜಿಲ್ಬರ್ತ್. ಅವರಿಬ್ಬರೂ ಈ ಕೋಟೆಯನ್ನು ಹುಟ್ಟಿದಾಗಿನಿಂದ ನೋಡುತ್ತಿರುವವರು. ಅವತ್ತು ಅವರಿಗೆ ಇತಿಹಾಸದಲ್ಲಿ ಇದ್ದಕ್ಕಿದ್ದಂತೆ ಆಸಕ್ತಿ ಹುಟ್ಟಿತ್ತು.

"ಅಮ್ಮಾವ್ರೇ!" ಎಂದರು ಮೇಯರ್, ಸೊಂಟ ಬಗ್ಗಿಸಿ. "ತಾವೇ ತಟ್ಟೆ ಹಿಡ್ಕೊಂಡು..."

"ಯಾರಯ್ಯಾ ಅಮ್ಮಾವ್ರು?" ಸೌಟು ಮೇಯರ್ ಮೂಗಿನ ಹತ್ತಿರ ಹೋಯಿತು. "ನಾನು ಅಡುಗೆ ಮೆಲಾನಿ. ಯಜಮಾನ್ರು ಊಟಕ್ಕೆ ಕೂತಿದಾರೆ. ಬೂಟು ಒರೆಸ್ಕೊಂಡು ಬಾ."

ಮೇಯರ್ ಯಜಮಾನರನ್ನು ನೋಡಿದರು. ಮಖಮಲ್ ಕೋಟಿನೊಳಗೆ ಆನ್ಸೆಲ್ಮ್ ಇದ್ದ. ಅವರು ಬಾಯಿ ತೆರೆಯುವ ಮೊದಲೇ ಜಿಲ್ಬರ್ತ್ ಹಿಂದಿನಿಂದ ಅವರ ಹಿಮ್ಮಡಿಗೆ ಒದ್ದರು. ಕಸ್ತೆಂಗ್ ಅವರು ಚುನಾವಣೆ ಮೇಲೆ ಚುನಾವಣೆ ಗೆಲ್ಲುತ್ತಿರುವುದು ಅರ್ಥವಾಗದ್ದಕ್ಕೆಲ್ಲ ತಲೆಯಾಡಿಸುವ ಗುಣದಿಂದ. ಅವರು ತಲೆಯಾಡಿಸಿದರು. ಜನರ ಕಡೆ ತಿರುಗಿ, "ಮಾನ್ಯರೇ, ಈ ಕೋಟೆಯ... ಅಂದರೆ, ಈ ಕೋಟೆಯಲ್ಲಿ... ಸದ್ಯ ಊಟ ಮಾಡ್ತಿರೋ ಶ್ರೀ ಆನ್ಸೆಲ್ಮ್ ಅವರೇ ಇದರ ಇತಿಹಾಸ ಹೇಳ್ತಾರೆ" ಎಂದು ಪಟ್ಟಿ ಸರಿಮಾಡಿಕೊಂಡರು.

ಪ್ಯಾರಿಸಿನ ಕನ್ನಡಕದ ಹೆಂಗಸೊಬ್ಬರು ಮುಂದೆ ಬಂದರು. "ಈ ಗೋಡೆ ಯಾವ ಕಾಲದ್ದು?"

ಮಾವ ಗೋಡೆ ನೋಡಿದ. ಕೆಮ್ಮು ಬರಲಿಲ್ಲ. ಅದು ನಿಜ ಮುಚ್ಚಿಡುವಾಗ ಬರುವಂಥದ್ದು, ಇಲ್ಲಿ ಮುಚ್ಚಿಡಲು ಅವನಿಗೆ ನಿಜ ಗೊತ್ತೇ ಇರಲಿಲ್ಲ. ಅವನಿಗೆ ಗೊತ್ತಿದ್ದದ್ದು ಒಂದೇ ವಿದ್ಯೆ. ಗೋಡೆಯ ಹತ್ತಿರ ಹೋಗಿ, ಕಣ್ಣು ಮುಚ್ಚಿ, ಮೂಗಿಟ್ಟ.

"ಹಳೇದು" ಎಂದ. "ಸುಣ್ಣದ ನೆಲದ್ದು. ದಕ್ಷಿಣದ ಬಿಸಿಲು ಕುಡಿದಿದೆ. ಶುರುವಿನಲ್ಲಿ ಸ್ವಲ್ಪ ಒರಟು, ಆಮೇಲೆ ಮೆತ್ತಗಾಗುತ್ತೆ. ಇನ್ನೂ ಇಡಬಹುದು, ಅವಸರ ಇಲ್ಲ."

ಜನ ಗುಸುಗುಸು ಮಾಡಿದರು. ಯಾರೋ ಚಪ್ಪಾಳೆ ತಟ್ಟಿದರು.

"ಮತ್ತೆ ಈ ಮೆಟ್ಟಿಲು?"

ಮಾವ ಬಗ್ಗಿ ಮೂಸಿದ. "ಇದು ಬೇಗ ಕುಯ್ದಿದ್ದು. ಮಳೆ ವರ್ಷದ್ದು. ನೋಡೋಕೆ ಚೆನ್ನಾಗಿದೆ, ಬಾಯಲ್ಲಿ ನಿಲ್ಲಲ್ಲ."

"ಅದ್ಭುತ!" ಎನ್ನುತ್ತ ಕನ್ನಡಕದ ಹೆಂಗಸು ಗೋಡೆಗೆ ಮೂಗಿಟ್ಟರು. ಅವರ ಹಿಂದೆ ಒಬ್ಬ, ಅವನ ಹಿಂದೆ ಇನ್ನೊಬ್ಬ. ನೋಡನೋಡುತ್ತ ಒಂದು ಬಸ್ಸಿನ ಜನ ಮೊಂಬ್ರಿಯಾಕ್ ಕೋಟೆಯ ಊಟದ ಮನೆಯ ಗೋಡೆಯುದ್ದಕ್ಕೂ ಸಾಲಾಗಿ ಮೂಗಿಟ್ಟು ನಿಂತರು. ಮೇಯರೂ ನಿಂತರು. "ಹೌದು, ಸುಣ್ಣ" ಎಂದರು.

ಈ ಗದ್ದಲದಲ್ಲಿ ಮಾವ ಮೇಜಿನ ಆ ತುದಿಗೆ ನೋಡಿದ. ಕುರ್ಚಿ ಖಾಲಿ. ಬಟ್ಟೆಯ ಚೀಲವೂ ಇರಲಿಲ್ಲ.

ಮಖಮಲ್ ಕೋಟಿನೊಳಗೆ ಮಾವ ಇನ್ನೂ ಚಿಕ್ಕವನಾದ. "ಗೊತ್ತಾಗ್ಬಿಟ್ಟಿದೆ ಪೆರೀನ್" ಎಂದ ನನಗೆ. "ಹೋಗ್ಬಿಟ್ರು." ಜನ ಅವನನ್ನು ಸುತ್ತುಗಟ್ಟಿ ಮುಂದಿನ ಕೋಣೆಗೆ ಎಳೆದುಕೊಂಡು ಹೋದರು, ಅಲ್ಲಿನ ಒಲೆಯನ್ನೂ ಮೂಸಬೇಕಂತೆ.

ನಾನು ಕಿಟಕಿಯಿಂದ ನೋಡಿದೆ. ದ್ರಾಕ್ಷಿ ಸಾಲಿನ ನಡುವೆ ಒಂದು ನೀಲಿ ಸ್ಕಾರ್ಫು ಕುಂಟುತ್ತ ಇಳಿಯುತ್ತಿತ್ತು, ನಮ್ಮ ತಗ್ಗಿನ ಮನೆಯ ಹೊಗೆಯ ಕಡೆಗೆ. ಓಡಿದೆ.

ನಾನು ತಲುಪಿದಾಗ ಸೋಲಾಂಜ್ ನಮ್ಮ ಅಡುಗೆಮನೆಯಲ್ಲಿ ನೀರು ಕಾಯಿಸುತ್ತಿದ್ದರು. ಚೀಲದಿಂದ ತೆಗೆದ ಸಾಸಿವೆ ಪುಡಿ, ಬಟ್ಟೆಯ ಪಟ್ಟಿ ಮೇಜಿನ ಮೇಲಿತ್ತು.

"ಬಾ ಮಗಳೇ. ಇದು ಕೆಲಸದವರ ಮನೆ ಅಲ್ವಾ? ಬಾಗಿಲು ತಟ್ಟಿದೆ, ಯಾರೂ ಇರ್ಲಿಲ್ಲ. ಅಲ್ಲಿ ಅಡುಗೆಯವರು ಒಲೆ ಮುಟ್ಟೋಕೆ ಬಿಡ್ಲಿಲ್ಲ, ಸೌಟು ತೋರಿಸಿದ್ರು. ನಿಮ್ಮ ಮಾವನ ಎದೆಗೆ ಸಾಸಿವೆ ಪಟ್ಟು ಹಾಕೋಣ ಅಂತ ಬಂದೆ." ಪಾತ್ರೆ ನೋಡುತ್ತ ನಿಂತರು. "ಬೆಚ್ಚಗಿದೆ ಈ ಮನೆ. ಇಂಥಾ ಮನೇಲಾದ್ರೂ ಇದ್ದಿದ್ರೆ ಅವರಿಗೆ ಹೀಗಾಗ್ತಿರ್ಲಿಲ್ಲ."

ನಾನು ಬಾಗಿಲಲ್ಲೇ ನಿಂತು ಉಸಿರು ಸುಧಾರಿಸಿಕೊಂಡೆ.

"ನಿಜ ಹೇಳು. ಎಷ್ಟು ಕಾಲದಿಂದ ಕೆಮ್ತಿದಾರೆ? ನಮ್ಮ ಯಜಮಾನ್ರೂ ಹೀಗೇ ಶುರು ಮಾಡಿದ್ರು. ಏನಿಲ್ಲ ಏನಿಲ್ಲ ಅಂತ ಹೋಗೇಬಿಟ್ರು. ಪಕ್ಕದಲ್ಲಿ ಕೂತು ನೋಡಿದೀನಿ. ಇನ್ನೊಂದು ಸಲ ನನ್ನ ಕೈಲಾಗಲ್ಲಮ್ಮ." ಮೂಗೊರೆಸಿಕೊಂಡರು. "ಪಟ್ಟು ಹಾಕಿ, ಸಂಜೆ ರೈಲಿಗೆ ಹೋಗ್ಬಿಡ್ತೀನಿ. ಒಳ್ಳೆ ಮನುಷ್ಯ. ಅದಕ್ಕೇ ಹೋಗ್ಬೇಕು."

ಹೊರಗಿನವರೊಡನೆ ಮಾತಾಡುವುದೆಂದರೆ ನನಗೆ ಪೀಪಾಯಿ ಎತ್ತಿದಷ್ಟು ಕಷ್ಟ. ಬಾಯಿ ಬಿಟ್ಟರೆ ಮಾವನ ಕೋಟೆ ಬೀಳುತ್ತದೆ. ಬಿಡದಿದ್ದರೆ ಸಂಜೆಯ ರೈಲು. ಅಷ್ಟರಲ್ಲಿ ಪಡಸಾಲೆಯ ಫೋನಿನ ಪಕ್ಕದ ಬಾಚಣಿಗೆ ನನ್ನ ಕಣ್ಣಿಗೆ ಬಿತ್ತು.

"ಅದು ಕಾಯಿಲೆ ಅಲ್ಲ" ಎಂದೆ.

"ಮತ್ತೆ?"

"ನಿಜ ಹೇಳೋಕೆ ಹೆದರಿದಾಗ ಬರುತ್ತೆ. ಎದೆ ಚೆನ್ನಾಗಿದೆ. ಡಾಕ್ಟರು ಕುದುರೆದು ಅಂದಿದಾರೆ."

ಸೋಲಾಂಜ್ ಪಾತ್ರೆಯನ್ನು ಒಲೆಯಿಂದ ಇಳಿಸಿದರು. ಆಮೇಲೆ ನಿಧಾನವಾಗಿ ಸುತ್ತ ನೋಡಿದರು. ಫೋನು, ಸ್ಟೂಲು, ಬಾಚಣಿಗೆ. ಗೂಟಕ್ಕೆ ನೇತುಹಾಕಿದ, ಮೇಳಕ್ಕೆ ತೊಟ್ಟಿದ್ದ ಅದೇ ಕೋಟು. ತೆರೆದ ಬಾಗಿಲಿನಾಚೆ, ಎದುರು ದಿಣ್ಣೆಯ ಮೇಲೆ, ಲೇಬಲ್ಲಿನಲ್ಲಿ ಇದ್ದ ಹಾಗೆಯೇ, ಒಂದು ಬುರುಜು ಕಡಿಮೆಯಾಗಿ, ಮೊಂಬ್ರಿಯಾಕ್ ಕೋಟೆ.

ನಾನು ಓಡಿದ್ದನ್ನು ಕಂಡಿರಬೇಕು, ಅಲ್ಲಿಂದ ಮಾವನೂ ಓಡಿಬರುತ್ತಿದ್ದ. ಮಖಮಲ್ ಕೋಟು ಪ್ರತಿ ಸಾಲಿನ ತಂತಿಗೂ ಒಂದೊಂದು ತುಂಡು ಕೊಟ್ಟು, ನಮ್ಮ ಅಂಗಳ ಮುಟ್ಟುವ ಹೊತ್ತಿಗೆ ಹೆಚ್ಚುಕಡಿಮೆ ಕುಪ್ಪಸವಾಗಿತ್ತು. ಅವನ ಹಿಂದೆ ಬಪ್ತಿಸ್ತ್, ಜಿಲ್ಬರ್ತ್, ಸೌಟು ಹಿಡಿದ ಅಮ್ಮಾವ್ರು. ಅವರ ಹಿಂದೆ, ಇದೂ ದರ್ಶನದ ಭಾಗವೆಂದು ತಿಳಿದ ಒಂದು ಬಸ್ಸಿನ ಜನ, ಮತ್ತು ಮೇಯರ್.

ಮಾವ ಬಾಗಿಲಲ್ಲಿ ನಿಂತ. ಏದುಸಿರು ಬಿಟ್ಟ. ಎಲ್ಲರೂ ಕೆಮ್ಮಿಗಾಗಿ ಕಾದರು.

"ಸೋಲಾಂಜ್, ಆ ಕೋಟೆ ನಂದಲ್ಲ" ಎಂದ. "ಅದು ಇವರದು. ಇವರು ಅಡುಗೆಯವರಲ್ಲ. ಊಟ ಮಾಡಿದ್ರಲ್ಲ, ಗೊತ್ತಾಗಿರುತ್ತೆ. ನನ್ನ ಮನೆ ಇದು. ಇಷ್ಟೇ."

ಕೆಮ್ಮು ಬರಲಿಲ್ಲ. ಮಾವನೇ ಆಶ್ಚರ್ಯದಿಂದ ಗಂಟಲು ಮುಟ್ಟಿ ನೋಡಿಕೊಂಡ. ಜಿಲ್ಬರ್ತ್ ಶಿಲುಬೆಯ ಗುರುತು ಮಾಡಿಕೊಂಡರು.

ಸೋಲಾಂಜ್ ಮಾವನನ್ನು ನೋಡುತ್ತಲೇ ಇದ್ದರು. ಆ ನೋಟಕ್ಕೆ ಮಾವ ಹೆದರಿ, ಉಳಿದದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದ.

"ಕೋಟೆ ಇಲ್ಲ, ಆದ್ರೆ ಕೆಳಗೆ ಹುಲ್ಲುಗಾವಲಿದೆ. ಬೇಲಿ ಹಾಕಿದೀನಿ. ತೊಟ್ಟಿ ಇಟ್ಟಿದೀನಿ. ಹಾಲು ಕರೆಯೋದೂ ಕಲ್ತೆ, ಬಪ್ತಿಸ್ತ್‌ನ ಕೇಳಿ. ನೀವು ನಿಮ್ಮ ಹಸುಗಳನ್ನೆಲ್ಲ ಕರ್ಕೊಂಡೇ ಬರಬಹುದು. ಎಷ್ಟಿವೆ ಹಸುಗಳು?"

ಸೋಲಾಂಜ್ ವಿಡಾಲ್ ಬಾಯಿ ತೆರೆದರು. ಮುಖ ಕೆಂಪಾಯಿತು.

ಈ ಸಲ ಕೆಮ್ಮಿದ್ದು ಅವರು.

ಮೊದಲು ನಕ್ಕವರು ಅಮ್ಮಾವ್ರು. ಬಾಗಿಲ ಚೌಕಟ್ಟಿಗೆ ಒರಗಿ, ಸೌಟನ್ನು ಎದೆಗೆ ಒತ್ತಿಕೊಂಡು ನಕ್ಕರು.

"ಒಂದೂ ಇಲ್ಲ" ಎಂದರು ಸೋಲಾಂಜ್, ಕೆಮ್ಮು ನಿಂತ ಮೇಲೆ. "ಬಸ್ ನಿಲ್ದಾಣದ ಮೇಲೆ, ಮೂರನೇ ಮಹಡೀಲಿ ಇರ್ತೀನಿ. ಚೀಸು ಪಕ್ಕದ ಡೈರಿದು, ನಾನು ಉಪ್ಪು ಹಚ್ಚಿ, ತಿರುಗಿಸಿ, ಮಾಗಿಸಿ ಮಾರ್ತೀನಿ. ನಮ್ಮ ಕಡೆ ಡಬ್ಬಿ ಮೇಲೆ ಹಸು ಇಲ್ದಿದ್ರೆ ಯಾರೂ ಕೊಂಡ್ಕೊಳಲ್ಲ. ನೀವು ಅವತ್ತು ಅಷ್ಟು ಪ್ರೀತಿಯಿಂದ ಕೇಳಿದ್ರಿ, ಇಲ್ಲ ಅನ್ನೋಕೆ ಮನಸ್ಸು ಬರ್ಲಿಲ್ಲ." ಸ್ಕಾರ್ಫಿನ ತುದಿ ತಿರುಚಿದರು. "ನಿಮಗೆ ಹಸು ಅಂದ್ರೆ ಅಷ್ಟು ಇಷ್ಟವಾ?"

"ಕಂಡ್ರೆ ಜೀವ ಹೋಗುತ್ತೆ" ಎಂದ ಮಾವ.

ಸೋಲಾಂಜ್ ಉಸಿರು ಬಿಟ್ಟರು. ಆಮೇಲೆ ನೀರು ಮತ್ತೆ ಒಲೆಗಿಟ್ಟರು. "ಎಲ್ಲರೂ ಕೂತ್ಕೊಳಿ, ಕಾಫಿ ಮಾಡ್ತೀನಿ. ಮೆಲಾನಿ ಅವರು ಮಾತ್ರ ಒಲೆ ಹತ್ರ ಬರ್ಬಾರ್ದು."

ಕನ್ನಡಕದ ಹೆಂಗಸು ನಮ್ಮ ಅಡುಗೆಮನೆಯ ಗೋಡೆಗೂ ಮೂಗಿಟ್ಟು ನೋಡಿ, ಇದು ಕೋಟೆಯದ್ದಕ್ಕಿಂತ ಚೆನ್ನಾಗಿದೆ, ಈರುಳ್ಳಿಯ ವಾಸನೆ ಸ್ಪಷ್ಟವಾಗಿದೆ ಎಂದು ಎಲ್ಲರಿಗೂ ತಿಳಿಸಿದರು.

ಅವತ್ತು ಸಂಜೆಯ ರೈಲು ಸೋಲಾಂಜ್ ಅತ್ತೆ ಇಲ್ಲದೆಯೇ ಹೋಯಿತು. ಸಾಸಿವೆ ಪಟ್ಟನ್ನು ಕೊನೆಗೆ ಅಮ್ಮಾವ್ರ ಬೆನ್ನಿಗೆ ಹಾಕಿದೆವು. ಬಾತುಕೋಳಿಯ ತಟ್ಟೆ ಎತ್ತಿ ಅವರ ಬೆನ್ನು ಹಿಡಿದುಕೊಂಡಿತ್ತು.

ಈಗ ಪ್ರತಿ ಸೆಪ್ಟೆಂಬರಿನಲ್ಲೂ ಬಸ್ಸಿನವರು ಗೋಡೆ ಮೂಸುವ ಆ ಮಹನೀಯರು ಬೇಕೇ ಬೇಕು ಎಂದು ಮೇಯರಿಗೆ ಹೇಳಿಕಳಿಸುತ್ತಾರೆ. ಅಮ್ಮಾವ್ರು ಸೌಟು ಹಿಡಿದು ಬಾಗಿಲಲ್ಲಿ ನಿಂತು ಎಲ್ಲರ ಬೂಟು ಒರೆಸಿಸುತ್ತಾರೆ. ಮಾವನ ವೈನು, ಅತ್ತೆಯ ಚೀಸು ಒಂದೇ ಮಳಿಗೆಯಲ್ಲಿ ಮಾರಾಟವಾಗುತ್ತವೆ. ಲೇಬಲ್ ಹೊಸದು ಬರೆಸಿದ್ದೇವೆ. ಮೂರು ಬುರುಜಿನ ಕೋಟೆಯನ್ನು ತೆಗೆಯಲು ಯಾರಿಗೂ ಮನಸ್ಸಾಗಲಿಲ್ಲ. ಅದರ ಮುಂದೆ ಕೊರಳಿಗೆ ಗಂಟೆ ಕಟ್ಟಿದ ಒಂದು ಕೆಂಚು ಹಸುವನ್ನು ನಿಲ್ಲಿಸಿದ್ದೇವೆ.

ಆದ್ದರಿಂದ ಈಗ ಕೊಳ್ಳಲು ಬಂದವರು ಬಾಟಲಿಯನ್ನು ಕಣ್ಣ ಹತ್ತಿರ ಹಿಡಿದು, "ಕೋಟೆ ಸರಿ, ಹಸು ಎಲ್ಲಿ?" ಎಂದು ಕೇಳುತ್ತಾರೆ. ಮಾವನೂ ಅತ್ತೆಯೂ ಮುಖ ಮುಖ ನೋಡಿಕೊಂಡು ಒಟ್ಟಿಗೆ ಕೆಮ್ಮುತ್ತಾರೆ. ಬಂದವರು ಗಾಬರಿಯಾಗಿ ನನ್ನ ಕಡೆ ತಿರುಗಿದರೆ, ನಾನು ನೀರಿನ ಲೋಟ ಮುಂದಿಟ್ಟು, "ಮೇಯ್ತಾ ಇದೆ" ಎನ್ನುತ್ತೇನೆ.